ಕರೇ ವೈರು

ಹೊಸ ಮನೆಯ ವೈರಿಂಗ್ ಇನ್ನೇನು ಮುಗಿಯಿತು ಎನ್ನುವಾಗ ಮನೆಯೊಡತಿ ಚೆನ್ನವ್ವ ಬಂದು, ತೆರೆದ ಸ್ವಿಚ್‌ಬೋರ್ಡಿನೊಳಗೆ ಇಣುಕಿದಳು.

“ಫಕ್ಕೀರಪ್ಪಾ, ಕರೇ ವೈರು ಅಪಶಕುನ. ಎಲ್ಲಾ ಕೆಂಪು ಹಾಕು.”

“ಅಕ್ಕಾರ, ಕೆಂಪಿನಾಗ ಕರೆಂಟು ಬರತೈತಿ, ಕರೇದ್ರಾಗ ವಾಪಸ್ ಹೋಗತೈತಿ. ಎರಡೂ ಕೆಂಪಾದ್ರ, ಮುಂದ ರಿಪೇರಿಗೆ ಬಂದಾಂವ ಗುರ್ತು ಸಿಗದ ಸಾಯ್ತಾನ.”

“ರಿಪೇರಿಗೂ ನೀನ ಬಾ. ನೆನಪಿಟ್ಕೊಂಡಿರು.”

ಎಲೆಕ್ಟ್ರಿಷಿಯನ್ ಫಕ್ಕೀರಪ್ಪ ಹಲ್ಲು ಕಚ್ಚಿಕೊಂಡು, ನಾಲ್ಕು ದಿನ ಪೈಪುಗಳಿಂದ ಕಪ್ಪು ವೈರೆಲ್ಲ ಕಿತ್ತು ಕೆಂಪು ತೂರಿಸಿದ. ಯಾವುದು ಯಾವುದೆಂದು ತಲೆಯಲ್ಲೇ ಗುರುತಿಟ್ಟುಕೊಂಡ. ಕೊನೆಗೆ ಮೇನ್ ಸ್ವಿಚ್ ಹಾಕಿದಾಗ ಮನೆ ಝಗ್ಗೆಂದು ಬೆಳಗಿತು.

ಚೆನ್ನವ್ವನ ಮುಖ ಅರಳಿತು, ಮರುಕ್ಷಣವೇ ಬಾಡಿತು.

“ಯವ್ವಾ, ಎಷ್ಟ್ ಚೆಂದ ಕಾಣತೈತಿ! ಮಂದಿ ದೃಷ್ಟಿ ತಾಗೀತು. ಪ್ರತಿ ಖೋಲ್ಯಾಗೂ ಒಂದೊಂದು ಕರೇ ವೈರು ಎಳಿ.”