ಹೂಂಗುಟ್ಟುವ ಕೆಲಸ

"ಪ್ರಿಂಟರ್ ಸತ್ತೋಗಿದೆ ಕಣಮ್ಮ!" ಎಂದು ಸುಂಟಿಕೊಪ್ಪದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕರಿಬಸಪ್ಪ ಫೋನಿನಲ್ಲಿ ಕೂಗಿದ್ದೇ ತಡ, ಸರ್ಟಿಫಿಕೇಟ್ ಕೋರ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ದಿವ್ಯಶ್ರೀಗೆ ಮರೆತುಹೋಯಿತು. ಕುಶಾಲನಗರದ ಈ ಕಂಪ್ಯೂಟರ್ ಸರ್ವಿಸ್ ಆಫೀಸಿನಲ್ಲಿ ಅನುಭವವಿಲ್ಲದೆ ಕೆಲಸ ಕೇಳಿ ಬಂದವರಿಗೆ ಇದೊಂದೇ ಪರೀಕ್ಷೆ: ನಿಜವಾದ ಒಂದು ಕರೆ. ಕೆಲಸ ಕೊಡಬೇಕಾದ ವೀಣಾ ಮೇಡಂ ಎದುರಿಗೇ ಕೂತು ಕೇಳಿಸಿಕೊಳ್ಳುತ್ತಿದ್ದರು.

ಏನೂ ತೋಚದೆ ಅವಳು "ಹೂಂ" ಎಂದಳು. ಅಜ್ಜಿಯ ಕಥೆಗೆ ಹೂಂಗುಟ್ಟದಿದ್ದರೆ ರಾಜಕುಮಾರ ನಡುಗಾಡಿನಲ್ಲೇ ನಿಂತುಬಿಡುತ್ತಿದ್ದ. ಆ ಅಭ್ಯಾಸ ನಾಲಿಗೆಗೆ ಅಂಟಿತ್ತು.

"ಬೆಳಿಗ್ಗೆ ಸರಿಯಾಗೇ ಇತ್ತು. ಆಮೇಲೆ ಮೇಜಿನಡಿ ಕೇರೆಹಾವು ನುಗ್ತು."

"ಹೂಂ, ಆಮೇಲೆ?"

"ಅದನ್ನ ಓಡ್ಸಕ್ಕೆ ಮೇಜು ಎಳೆದ್ವಿ. ಎಳೆದಾಗ..." ಕರಿಬಸಪ್ಪ ತಡೆದರು. "ಅಯ್ಯೋ, ವಯರ್ ಕಿತ್ತು ಬಂದದೆ! ತಡಿ ತಾಯಿ." ಆ ಕಡೆ ಪ್ರಿಂಟರ್ ಗರಗರ ಎಂದಿತು. "ನಿಮ್ಮೋರು ಯಾರೂ ನನ್ನ ಮಾತು ಮುಗಿಸೋಕೇ ಬಿಡ್ತಿರ್ಲಿಲ್ಲ ನೋಡು!"

ವೀಣಾ ಮೇಡಂ ನಗಲೂ ಇಲ್ಲ, ಹೊಗಳಲೂ ಇಲ್ಲ. ರಿಂಗಾಗುತ್ತಿದ್ದ ಇನ್ನೊಂದು ಫೋನನ್ನು ಅವಳ ಕಡೆಗೆ ತಳ್ಳಿ, "ಇವರು ಅವರಿಗಿಂತ ಜೋರು. ಊಟದ ಬಿಡುವು ಒಂದೂವರೆಗೆ," ಎಂದರು.