ವಯಸ್ಸಿನ ತಕರಾರು

"ಇವರಿಗೆ ನಲವತ್ತೈದು ಆಗಿಲ್ಲ. ನಮ್ಮ ತಕರಾರು ಉಂಟು" ಎಂದು ಸಂಭಾಜಿನಗರದ ಚಿಕಲಠಾಣಾ ತಂಡದ ಮ್ಯಾನೇಜರ್ ರತ್ನಾಕರ ಶೆಟ್ಟರು ಬೆರಳು ತೋರಿಸಿದಾಗ ಪಂದ್ಯ ಇನ್ನೂ ಶುರುವಾಗಿರಲಿಲ್ಲ. ಚಿದಂಬರ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ. ಕಟ್ಟುವುದನ್ನು ಅರ್ಧಕ್ಕೇ ಬಿಟ್ಟು ತಲೆಯೆತ್ತಿದ.

"ಏನಂದ್ರಿ?"

"ನಲವತ್ತೈದು ಆಗಿಲ್ಲ ಅಂದೆ. ನಲವತ್ತು ದಾಟಿದ್ದರೇ ಹೆಚ್ಚು."

"ಇನ್ನೊಂದ್ಸಲ ಹೇಳ್ರಿ" ಎಂದ ಚಿದಂಬರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ನಾಸಿಕ ಮತ್ತು ಸಂಭಾಜಿನಗರದ ಕನ್ನಡಿಗರು ಸೇರಿ ನಡೆಸುವ ಹಿರಿಯರ ಫುಟ್‌ಬಾಲ್ ಲೀಗಿನಲ್ಲಿ ಇರುವುದು ಒಂದೇ ಕಟ್ಟುನಿಟ್ಟಿನ ನಿಯಮ. ಆಟಗಾರನಿಗೆ ನಲವತ್ತೈದು ತುಂಬಿರಬೇಕು. ಹೋದ ವರ್ಷ ಒಂದು ತಂಡದವರು ಯಾರದೋ ಅಳಿಯನ ಮೀಸೆಗೆ ಬಿಳಿ ಬಳಿದು ಆಡಿಸಿದ್ದರು. ನಡುವೆ ಮಳೆ ಬಂದು ಮೀಸೆ ಕಪ್ಪಾಯಿತು. ಅಂದಿನಿಂದ ಕಪ್ಪು ಕೂದಲು ಕಂಡರೆ ಶೆಟ್ಟರಿಗೆ ಸಂಶಯ. ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದ ಚಿದಂಬರನ ಕೂದಲೂ ಕಪ್ಪೇ. ಅದು ನಿನ್ನೆ ಸಂಜೆ ಹಚ್ಚಿಕೊಂಡ ಕಪ್ಪು. ಅವನಿಗೆ ಐವತ್ತೆರಡು. ಹನ್ನೊಂದನೆಯ ಆಟಗಾರ ಸಿಗದೆ ಕಂಗಾಲಾಗಿದ್ದ ಓಝರ್ ತಂಡದ ನಾಯಕ ಸುಧಾಕರ, ಕೊನೆಗೆ ಅವನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದಿದ್ದ. "ಮಾಳಿಗಿ ಮೆಟ್ಟಲಾ ಹತ್ಲಿಕ್ಕೆ ಆಗೂದಿಲ್ಲ, ಇವರೇನು ಫುಟ್‌ಬಾಲ್ ಆಡ್ತಾರ" ಎಂದು ಹೆಂಡತಿ ಜಯಲಕ್ಷ್ಮಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕಾರ್ಡ್ ತೋರಿಸಿಬಿಡ್ರಿ ಚಿದಂಬರಣ್ಣ, ಮುಗೀತು" ಎಂದ ಸುಧಾಕರ.

"ಮನ್ಯಾಗದ."

"ಮೊಬೈಲ್‌ದಾಗ ಫೋಟೋ?"

"ಫೋಟೋ ಚಾಲಣಾರ ನಾಹಿ ಕಾಕಾ, ನಡೆಯಲ್ಲ, ಒರಿಜಿನಲ್ ಬೇಕು" ಎಂದಳು ರೆಫರಿ ಪ್ರಾಚಿ. ಓಝರಿನಲ್ಲೇ ಹುಟ್ಟಿ ಬೆಳೆದ ಪಿ.ಟಿ. ಟೀಚರು. "ಅದು ಬರೋತನಕ ಆಡಿ. ಬರಲಿಲ್ಲ ಅಂದ್ರೆ ಬಾಹೇರ್, ಹೊರಗೆ."

ಚಿದಂಬರ ಮನೆಗೆ ಫೋನು ಮಾಡಿದ. "ಜಯಾ, ಇಲ್ಲೆ ಭಾಳ ದೊಡ್ಡ ತ್ರಾಸ ಆಗೇದ. ನನಗ ನಲವತ್ತೈದು ಆಗಿಲ್ಲಂತ. ಎಷ್ಟ ಹೇಳಿದ್ರೂ ನಂಬವಲ್ರು. ಆಧಾರ್ ಕಾರ್ಡ್ ತಗೊಂಡು ನೀನೇ ಬಾ. ಬ್ಯಾರೆ ಯಾರ ಕೈಯಾಗೂ ಕಳಸಬ್ಯಾಡ." ಆ ಕಡೆಯಿಂದ ಏನೋ ಪ್ರಶ್ನೆ ಬಂತು. "ಯಾರಂದ್ರ? ಎಲ್ಲಾರೂ" ಎಂದ.

ಆಟ ಶುರುವಾಯಿತು. ಮೊದಲು ಚಿದಂಬರ ಓಡಿದ. ಆಮೇಲೆ ನಡೆದ. ಆಮೇಲೆ ಎರಡೂ ಕೈ ಮಂಡಿಯ ಮೇಲಿಟ್ಟು ನಿಂತು, ಚೆಂಡು ತಳ್ಳಿಕೊಂಡು ಬರುತ್ತಿದ್ದ ಎದುರಾಳಿಗೆ "ಒಂದ್ನಿಮಿಷ ತಡೀಪಾ" ಎಂದ. ಎದುರಾಳಿ ತಡೆಯದೆ ಗೋಲು ಹೊಡೆದ. ಎರಡನೆಯ ಗೋಲೂ ಚಿದಂಬರನ ಪಕ್ಕದಿಂದಲೇ, ಅವನಿಗೆ ಒಂದಿಷ್ಟೂ ತೊಂದರೆಯಾಗದಂತೆ ಹಾದುಹೋಯಿತು. ಸುಧಾಕರ ತಲೆಯ ಮೇಲೆ ಕೈಹೊತ್ತು ನಿಂತ. ಶೆಟ್ಟರು ಮಾತ್ರ ಪಂಚೆ ಎತ್ತಿ ಕಟ್ಟಿ ಪ್ರಾಚಿಯ ಬಳಿ ಓಡಿದರು.

"ಮೇಡಂ, ತಕರಾರು ವಾಪಸ್. ಕಾರ್ಡೂ ಬೇಡ, ಏನೂ ಬೇಡ. ನಮಗೆ ಖಾತ್ರಿ ಆಯ್ತು. ಅವರು ಕೊನೆ ತನಕ ಆಡಲಿ."

ಇದು ಚಿದಂಬರನ ಕಿವಿಗೆ ಬಿತ್ತು. ಗೋಲುಗಳಿಂದ ಆಗದ ನೋವು ಈಗ ಆಯಿತು. ಏದುಸಿರು ಬಿಡುತ್ತ ಗೆರೆಯ ಹತ್ತಿರ ಬಂದ.

"ಹಿಂಗ ನಡುವ ವಾಪಸ್ ತಗೊಂಡ್ರ ಹೆಂಗ್ರಿ? ನಮ್ಮಾಕಿ ಬರ್ಲಿಕ್ಕತ್ತಾಳ."

"ಬರಲಿ ಮಾರಾಯ್ರೆ, ಚಾ ಕುಡಿಸುವ."

"ಚಾ ಬ್ಯಾಡ. ಆಕಿ ಮುಂದ ಒಂದ್ಸಲ ಅಂದುಬಿಡ್ರಿ ಸಾಕು. ಬೆಳಗಾದ್ರ ಮುದುಕ, ಸಂಜಿಯಾದ್ರ ಮುದುಕ ಅಂತಾಳ."

ಶೆಟ್ಟರೂ ಸಂಸಾರಸ್ಥರು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಜಯಲಕ್ಷ್ಮಿಯ ಸ್ಕೂಟರು ಮೈದಾನಕ್ಕೆ ಬಂತು. ಅವಳು ಹೆಲ್ಮೆಟ್ ತೆಗೆಯುವ ಮೊದಲೇ ಶೆಟ್ಟರು ಮುಂದೆ ಹೋಗಿ, ಶಾಲೆಯಲ್ಲಿ ಪದ್ಯ ಒಪ್ಪಿಸುವವರಂತೆ ನಿಂತು ಹೇಳಿದರು: "ನಮಸ್ಕಾರ ಅಕ್ಕ. ಇವರಿಗೆ ನಲವತ್ತೈದು ಆಗಿಲ್ಲ ಅಂತ ನಮ್ಮ ತಕರಾರು."

ಚಿದಂಬರ ಹೊಟ್ಟೆ ಒಳಗೆಳೆದುಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಆಕಾಶ ನೋಡಿದ.

ಜಯಲಕ್ಷ್ಮಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೆಂಪೇರಿದ ಮುಖ, ಮಣ್ಣು ಮೆತ್ತಿದ ಚಡ್ಡಿ, ಉಸಿರು ಸಿಕ್ಕದೆ ನಡುಗುವ ಎದೆ. ಪರ್ಸಿಗೆ ಕೈ ಹಾಕಿದಳು. ಒಳಗೇ ಏನನ್ನೋ ಮುಟ್ಟಿ ನೋಡಿ, ಖಾಲಿ ಕೈಯನ್ನೇ ಹೊರಗೆ ತೆಗೆದಳು.

"ಕಾರ್ಡ್ ಸಿಗಲಿಲ್ಲ ನೋಡವಾ" ಎಂದಳು ಪ್ರಾಚಿಗೆ. "ಆದ್ರ ಇವರು ಹೇಳೂದು ಖರೆ ಅದ. ನಮ್ಮನಿಯವರಿಗೆ ಬರೂ ವರ್ಷ ನಲವತ್ತೈದು ತುಂಬ್ತಾವ."

ಪ್ರಾಚಿ ಸೀಟಿ ಊದಿದಳು. "ಕಾಕಾ, ಬಾಹೇರ್."

"ಅಯ್ಯೋ, ತಕರಾರು ವಾಪಸ್ ತಗೊಂಡಾಗಿದೆ ಅಕ್ಕ" ಎಂದು ಶೆಟ್ಟರು ಅಂಗಲಾಚಿದರು. "ಆಡಲಿ ಬಿಡಿ, ಚೆಂದ ಆಡ್ತಿದ್ರು."

"ನಿಯಮ ಅಂದ್ರ ನಿಯಮರೀ ಶೆಟ್ರ. ನಾವು ಹತ್ತೇ ಮಂದಿ ಆಡ್ತೀವಿ" ಎಂದ ಸುಧಾಕರ. ಆ ದಿನ ಅವನು ಮೊದಲ ಸಲ ನಕ್ಕಿದ್ದು ಆಗಲೇ.

ಐವತ್ತೆರಡು ಎಂದು ಒಂದು ಮಾತು ಅಂದಿದ್ದರೆ ಚಿದಂಬರ ಆಟಕ್ಕೆ ಮರಳಬಹುದಿತ್ತು. ಅವನು ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಬಾಯಿ ಮುಚ್ಚಿಕೊಂಡ.

"ಹತ್ರಿ" ಎಂದು ಜಯಲಕ್ಷ್ಮಿ ಸ್ಕೂಟರು ಚಾಲೂ ಮಾಡಿದಳು.

ಹಿಂದಿನ ಸೀಟಿನ ಮೇಲೆ ಕಾಲು ದಾಟಿಸಲು ಚಿದಂಬರನಿಗೆ ಮೂರು ಸಲ ಬೇಕಾಯಿತು. ಎರಡೂ ತಂಡದವರು ಅಷ್ಟು ಹೊತ್ತು ಬೇರೆ ಕಡೆ ನೋಡುತ್ತ ನಿಂತರು.