ಜಂಬಣ್ಣನ ಎಡಗೈ

ಗಣಿಯ ವರ್ಕ್‌ಶಾಪಿನಲ್ಲಿ ಟೈರಿನ ರಿಮ್ಮು ಸಿಡಿದು ಹೊನ್ನೂರಪ್ಪನ ಎಡಗೈ ಮಣಿಕಟ್ಟಿನವರೆಗೆ ಜಜ್ಜಿಹೋಗಿತ್ತು. ಮರುವಾರ ಬಿಡಿಭಾಗಗಳ ಸ್ಟೋರಿನ ಖಾಜಾಸಾಬ ಕೌಂಟರಿನ ಮೇಲೆ ಬೇರೊಂದು ಕೈ ತಂದಿಟ್ಟ.

"ನಿನ್ನ ಅಳತೀದು ಇದೊಂದೇ ಉಳದದ. ಎಂಟು ದಿನ ಹಳೇ ಚಾಳಿ ಬಿಡಂಗಿಲ್ಲ, ಆಮ್ಯಾಗ ನಿನ್ನ ಮಾತು ಕೇಳ್ತದ."

"ಯಾರ್ದಿದು?"

"ಸ್ಟೋರಿಗೆ ಬಂದ ಮ್ಯಾಗ ಯಾರ್ದೂ ಅಲ್ಲ."

ಗಣಿಯ ದವಾಖಾನೆಯಲ್ಲಿ ಅರ್ಧ ತಾಸಿನಲ್ಲಿ ಜೋಡಿಸಿ ಕಳಿಸಿದರು. ಮಧ್ಯಾಹ್ನವೇ ಹೊನ್ನೂರಪ್ಪ ಕೆಲಸಕ್ಕೆ ಬಂದ. ಡಂಪರಿನ ತೊಟ್ಟಿಯನ್ನು ಮೇಲೆತ್ತಿ ನಿಲ್ಲಿಸಿದ್ದರು. ಅದರಡಿ ಆಯಿಲ್ ಸೋರುತ್ತಿದ್ದ ಪೈಪು ಬಿಚ್ಚಬೇಕಿತ್ತು. ತೊಟ್ಟಿ ಬೀಳದಂತೆ ತಡೆಯುವ ಪಿನ್ನು ಹಾಕಲು ಅಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಅವನೂ ಹಾಗೆಯೇ ಒಳಗೆ ನುಸುಳಹೊರಟ. ಎಡಗೈ ಬರಲಿಲ್ಲ. ಅದು ಪಕ್ಕಕ್ಕೆ ಚಾಚಿ, ಪಿನ್ನನ್ನು ತಡಕಿ, ತೂತಿಗೆ ತೂರಿಸಿ, ಬೆರಳ ಗೆಣ್ಣಿನಿಂದ ಅದರ ತಲೆಯ ಮೇಲೆ ಎರಡು ಸಲ ಕುಟ್ಟಿತು.

ಹಾಗೆ ಕುಟ್ಟುತ್ತಿದ್ದವನು ಒಬ್ಬನೇ, ಎಡಚ ಜಂಬಣ್ಣ. ಹೋದ ವರ್ಷ ಇದೇ ತೊಟ್ಟಿ ಬಿದ್ದು ಸತ್ತಿದ್ದ. ಮರುದಿನವೇ ಮುರಿದ ಹಳೇ ಪಿನ್ನಿನ ಜಾಗಕ್ಕೆ ಹೊಸದು ಬಂದಿತ್ತು. ಜಂಬಣ್ಣ ಪಿನ್ನು ಹಾಕದೆ ಒಳಗೆ ಹೋದನೆಂದು ಫೋರ್‌ಮನ್ ಬರೆದ ಕಾಗದಕ್ಕೆ, ಏನನ್ನೂ ನೋಡದಿದ್ದ ಹೊನ್ನೂರಪ್ಪ ಸಾಕ್ಷಿಯಾಗಿ ಸಹಿ ಹಾಕಿದ್ದ. ಬಲಗೈಯಿಂದ.

ಅವನು ತೊಟ್ಟಿಯಡಿ ಅಂಗಾತ ಮಲಗಿದ. ಪೈಪಿನ ನಟ್ಟು ತುಕ್ಕು ಹಿಡಿದಿತ್ತು, ಒಂದು ಕೈಗೆ ಬಗ್ಗಲಿಲ್ಲ. ಸ್ಪ್ಯಾನರಿನ ಮೇಲೆ ಆ ಬಲಗೈಯ ಪಕ್ಕಕ್ಕೇ ಈ ಎಡಗೈಯನ್ನೂ ಇಡಬೇಕಾಯಿತು.